ಆ ಕಿರುಬೆರಳಿನ ಹಾಡಿಗೆ ‘ದುಃಖ’ ಎಂದು ಹೆಸರಿಟ್ಟವರು ಯಾರು?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಪಿಯಾನೋ ಬಗ್ಗೆ ಒಂದು ಪುಟದ ಲೇಖನ ಹಾಕಿದ್ದೀರಿ. ಕನ್ನಡ ಪತ್ರಿಕೆಯಲ್ಲಿ ಪಿಯಾನೋಗೂ ಒಂದು ಪುಟ ಸಿಕ್ಕಿತಲ್ಲ ಎಂದು ಕಾಫಿ ಆರಿಹೋಗುವವರೆಗೂ ಓದಿದೆ. ಖುಷಿಯಾಯಿತು. ಆದರೆ ಮೂರನೇ ಕಾಲಂನಲ್ಲಿ ಒಂದು ಸಾಲು ಕಣ್ಣಿಗೆ ಚುಚ್ಚಿತು. ಪೋಲೆಂಡಿನ ಸಂಗೀತಗಾರ ಶೋಪಾನ್ ತನ್ನ ದುಃಖವನ್ನೆಲ್ಲ ಸುರಿದು ಬರೆದ, ತಾನೇ ‘ದುಃಖ’ ಎಂದು ಹೆಸರಿಟ್ಟ, ನಿಧಾನಗತಿಯ ಪುಟ್ಟ ರಾಗ ಅಂತ ಅದರಲ್ಲಿದೆ. ಒಂದೇ ಸಾಲಿನಲ್ಲಿ ನನ್ನ ಲೆಕ್ಕಕ್ಕೆ ನಾಲ್ಕು ತಪ್ಪು. ಹೆಸರಿಟ್ಟದ್ದು ಅವನಲ್ಲ. ನಿಧಾನಗತಿ ಅನ್ನುವುದು ಅರ್ಧ ಸತ್ಯ. ಅದು ಪುಟ್ಟದೂ ಅಲ್ಲ, ಬರೀ ರಾಗವೂ ಅಲ್ಲ. ಇನ್ನು ದುಃಖವೋ ಅಲ್ಲವೋ ಎನ್ನುವುದು ನಾಲ್ಕನೆಯದು. ಅದಕ್ಕೇ ಈ ಪತ್ರ.

ಓದುಗರ ಪತ್ರಕ್ಕೆ ಇಷ್ಟೇ ಪದ ಅಂತ ಮಿತಿ ಇರುತ್ತದೆ, ಗೊತ್ತು. ಪದ ಎಣಿಸಿಯೇ ಜೀವನ ಮಾಡಿದವಳು ನಾನು. ಆದರೂ ಮೀರುತ್ತಿದ್ದೇನೆ, ಕ್ಷಮಿಸಿ.

ನಾನು ಮೈಸೂರಿನಲ್ಲಿ 31 ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದೆ. ಮೊದಲ ಮಹಡಿಯ ಉದ್ದನೆಯ ಕೋಣೆ, ಹದಿನಾಲ್ಕು ಮಷೀನು, ಕೆಳಗೆ ಬೇಕರಿ. ಬೆಳಿಗ್ಗೆ ಆರೂವರೆಗೆ ಮೊದಲ ಬ್ಯಾಚು. ಎ ಎಸ್ ಡಿ ಎಫ್, ಸೆಮಿಕೋಲನ್ ಎಲ್ ಕೆ ಜೆ. ಜೂನಿಯರ್ ಮುಗಿಸಿದವರು, ಸೀನಿಯರ್ ಮುಗಿಸಿ ಕೋರ್ಟಿನಲ್ಲಿ ಕೆಲಸ ಹಿಡಿದವರು ಎಷ್ಟೋ ಜನ. ಹಳೆಯ ರೆಮಿಂಗ್ಟನ್‌ನಲ್ಲಿ ಬೆರಳಿನ ಬಲ ನೇರವಾಗಿ ಕಾಗದದ ಮೇಲೆ ಕಾಣುತ್ತದೆ. ಎಡಗೈ ಕಿರುಬೆರಳಿಗೆ ಬರುವ ಅಕ್ಷರ ಎ. ಬಲಗೈ ಕಿರುಬೆರಳಿಗೆ ಬರುವುದು ಪಿ. ಹೊಸಬರ ಹಾಳೆಯಲ್ಲಿ ಈ ಎರಡು ಅಕ್ಷರ ಯಾವಾಗಲೂ ಮಸುಕು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು “ನಿನ್ನ ಎ ಉಪವಾಸ ಮಾಡ್ತಿದೆ ನೋಡು” ಅನ್ನುತ್ತಿದ್ದೆ. ಹತ್ತು ಬೆರಳೂ ಒಂದೇ ಸಮ ಹೊಡೆಯಬೇಕು. ಹೆಬ್ಬೆರಳಿಗೂ ಕಿರುಬೆರಳಿಗೂ ಭೇದ ಇರಬಾರದು. ಅದನ್ನು ಕಲಿಸಿದ್ದಕ್ಕೇ ನನಗೆ ಫೀಸು.

ಕಂಪ್ಯೂಟರ್ ಬಂತು, ಮಷೀನುಗಳು ಗುಜರಿಗೆ ಹೋದವು, ನಾನು ಮನೆಗೆ ಬಂದೆ. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ 88 ಕೀಗಳ ಡಿಜಿಟಲ್ ಪಿಯಾನೋ ಹಾಲ್‌ನಲ್ಲಿ ಬಟ್ಟೆ ಹೊದ್ದು ನಿಂತಿತ್ತು. 56ನೇ ವಯಸ್ಸಿನಲ್ಲಿ ಅದರ ಮುಂದೆ ಕೂತೆ. ಬೆಂಗಳೂರಿನ ಕುಕ್ ಟೌನ್‌ನಲ್ಲಿ ಒಬ್ಬ ಮಿಸ್ ಸಿಕ್ಕರು. ಅವರಿಗೆ ಈಗ ಎಂಬತ್ತರ ಹತ್ತಿರ. ವಾರಕ್ಕೊಂದು ದಿನ ಬೆಳಗಿನ ರೈಲು, ಆಮೇಲೆ ಆಟೋ, ಒಂದು ಗಂಟೆ ಪಾಠ, ಸಂಜೆ ವಾಪಸ್. ಮೊದಲ ದಿನ ನಾನು ಬಾರಿಸಿದ ನಾಲ್ಕು ಸಾಲು ಕೇಳಿ ಮಿಸ್ ಹೇಳಿದ್ದು: “ಟೈಪ್ ಮಾಡ್ತಿದ್ದೀಯಲ್ಲಮ್ಮಾ.” ನಾನು ಹೊಗಳಿಕೆ ಅಂದುಕೊಂಡೆ.

ಏಳನೇ ವರ್ಷಕ್ಕೆ ಅವರು, ನಿಮ್ಮ ಲೇಖನ ‘ದುಃಖ’ ಅಂದಿತಲ್ಲ, ಆ ಎಟ್ಯೂಡ್ ಕೊಟ್ಟರು. ಶೋಪಾನ್‌ನ ಕೃತಿಸಂಖ್ಯೆ 10ರಲ್ಲಿ ಮೂರನೆಯದು, ಇ ಮೇಜರ್. ಕೊಡಲು ಅವರಿಗೆ ಮನಸ್ಸಿರಲಿಲ್ಲ, ನಾನೇ ಹಟ ಹಿಡಿದೆ.

ಎಟ್ಯೂಡ್ ಅಂದರೆ ಅಭ್ಯಾಸ ಅಂತ ನಿಮ್ಮ ಲೇಖನದಲ್ಲಿ ಬರೆದಿದೆ. ಸರಿ. ಆದರೆ ಅಭ್ಯಾಸ ಅಂದ ಕೂಡಲೇ ನಮಗೆ ಸರಳೆವರಸೆ ನೆನಪಾಗುತ್ತದೆ. ಇದು ಸರಳೆವರಸೆ ಅಲ್ಲ, ವರ್ಣ. ವರ್ಣ ಕೈಗೆ, ಗಂಟಲಿಗೆ ಸಾಧನೆಯೂ ಹೌದು, ಕಛೇರಿಯ ಶುರುವಿಗೆ ಹಾಡುವ ಕೃತಿಯೂ ಹೌದು. ಶೋಪಾನ್‌ಗಿಂತ ಮುಂಚೆ ಪಿಯಾನೋಗೆ ಬೆರಳಿನ ಪಾಠಗಳು ರಾಶಿ ಇದ್ದವು. ಕ್ರಾಮರ್, ಕ್ಲೆಮೆಂಟಿ, ಚೆರ್ನಿ ಎಲ್ಲ ಬರೆದಿದ್ದರು. ಶೋಪಾನ್‌ನ ಹನ್ನೆರಡು ಎಟ್ಯೂಡ್‌ಗಳ ಕಟ್ಟು 1833ರಲ್ಲಿ ಅಚ್ಚಾಯಿತು. ಅದರಲ್ಲಿ ಬೆರಳಿನ ಕಷ್ಟ ಬೇರೆ, ಸಂಗೀತ ಬೇರೆ ಅಂತ ಬಿಡಿಸಿ ತೋರಿಸಲು ಆಗುವುದಿಲ್ಲ. ಕಷ್ಟವೇ ಸಂಗೀತ. ಗೆಳೆಯ, ಪಿಯಾನೋ ವಾದಕ ಲಿಸ್ಟ್‌ಗೆ ಅರ್ಪಣೆ ಮಾಡಿದ್ದಾನೆ. ಆ ವರ್ಷ ಜೂನ್‌ನಲ್ಲಿ ಹಿಲ್ಲರ್ ಎಂಬ ಇನ್ನೊಬ್ಬ ಗೆಳೆಯನಿಗೆ ಬರೆದ ಕಾಗದದಲ್ಲಿ, ಲಿಸ್ಟ್ ಪಕ್ಕದಲ್ಲೇ ಕೂತು ನನ್ನ ಎಟ್ಯೂಡ್ ಬಾರಿಸುತ್ತಿದ್ದಾನೆ, ಬಾರಿಸುವ ಆ ರೀತಿಯನ್ನು ಅವನಿಂದ ಕದಿಯಬೇಕು ಅನ್ನಿಸುತ್ತಿದೆ ಎಂದು ಹೇಳಿಕೊಂಡಿದ್ದಾನೆ.

ಬರ್ಲಿನ್ನಿನ ವಿಮರ್ಶಕ ರೆಲ್‌ಸ್ಟಾಬ್‌ಗೆ ಮಾತ್ರ ಇವು ಹಿಡಿಸಲಿಲ್ಲ. ಸೊಟ್ಟ ಬೆರಳಿನವರು ಇದನ್ನು ಬಾರಿಸಿ ನೆಟ್ಟಗೆ ಮಾಡಿಕೊಳ್ಳಬಹುದು, ನೆಟ್ಟಗಿರುವವರು ಪಕ್ಕದಲ್ಲಿ ಸರ್ಜನ್ ಇಲ್ಲದೆ ಮುಟ್ಟಬಾರದು ಅನ್ನುವ ಅರ್ಥದಲ್ಲಿ ಬರೆದ. ನನ್ನ ಬಲಗೈ ಮಣಿಕಟ್ಟಿಗೆ ಕಳೆದ ಚಳಿಗಾಲದಲ್ಲಿ ಕಟ್ಟಿದ್ದ ಬ್ಯಾಂಡೇಜ್ ನೋಡಿದ್ದರೆ ಅವನಿಗೆ ತೃಪ್ತಿಯಾಗುತ್ತಿತ್ತೋ ಏನೋ.

ಈಗ ಮೊದಲ ಬಾರ್ ನೋಡಿ. ಬಾರ್ ಅಂದರೆ ನಮ್ಮ ಆವರ್ತದ ಹಾಗೆ ಅಂದುಕೊಳ್ಳಿ. ಇಲ್ಲಿ ಒಂದು ಬಾರ್‌ಗೆ ನಾಲ್ಕು ಸಣ್ಣ ಎಣಿಕೆ. ಬಲಗೈಯೊಂದೇ ಎರಡು ಕೆಲಸ ಮಾಡಬೇಕು. ಹೆಬ್ಬೆರಳು, ತೋರುಬೆರಳು ಒಳಗಡೆ ಮೆಲ್ಲಗೆ ಆಚೀಚೆ ತೂಗುತ್ತಿರುತ್ತವೆ, ತೊಟ್ಟಿಲು ತೂಗಿದ ಹಾಗೆ, ಎಣಿಕೆಗೆ ಎರಡು ಸ್ವರದಂತೆ. ಅದೇ ಹೊತ್ತಿಗೆ ಅದೇ ಕೈಯ ಉಂಗುರದ ಬೆರಳು, ಕಿರುಬೆರಳು, ನಡುಬೆರಳಿನ ನೆರವಿನಿಂದ, ಮೇಲ್ಗಡೆ ಹಾಡಬೇಕು. ಹಾಡು ಮುಂದೆ ಬರಬೇಕು, ತೂಗುವುದು ಹಿಂದೆ ಉಳಿಯಬೇಕು. ಕಷ್ಟ ಇರುವುದು ಇಲ್ಲೇ. ಬಲ ಇರುವುದು ಹೆಬ್ಬೆರಳಿಗೆ, ಹಾಡು ಬಂದಿರುವುದು ಕಿರುಬೆರಳಿಗೆ. ಗಟ್ಟಿಯವನು ಸುಮ್ಮನಿದ್ದು ಮೆತ್ತಗಿರುವವನಿಗೆ ದಾರಿ ಬಿಡಬೇಕು. 31 ವರ್ಷ ಹತ್ತು ಬೆರಳನ್ನೂ ಸಮ ಮಾಡಿಸಿದ ನನಗೆ ಇದು ಯಾವ ಶಿಕ್ಷೆ ಹೇಳಿ!

ಮಿಸ್ ಒಂದು ಉಪಾಯ ಹೇಳಿಕೊಟ್ಟರು. ಹೆಬ್ಬೆರಳು ತೋರುಬೆರಳು ಕೀ ಮೇಲೆ ಸುಮ್ನೆ ಸವರಬೇಕು, ಸದ್ದು ಬರಬಾರದು. ಕಿರುಬೆರಳು ಮಾತ್ರ ಪೂರ್ತಿ ಇಳಿಯಬೇಕು. ಎರಡು ತಿಂಗಳು ಇದೇ. ಮನೆಯಲ್ಲಿ ಅಡುಗೆ ಕಟ್ಟೆಯ ಮೇಲೆ, ರೈಲಿನಲ್ಲಿ ಬ್ಯಾಗಿನ ಮೇಲೆ ಅಭ್ಯಾಸ ಮಾಡಿದೆ. ಮದ್ದೂರು ದಾಟುವಾಗ ಎದುರಿಗೆ ಕೂತ ಹೆಂಗಸು “ಕೈ ನಡುಗುತ್ತಾ, ಅಕ್ಕಾ?” ಅಂತ ಕೇಳಿ ಒಂದು ಮಾತ್ರೆಯ ಹೆಸರು ಹೇಳಿದರು.

ಚಿಕ್ಕವಳಿದ್ದಾಗ ಐದು ವರ್ಷ ವೀಣೆ ಕಲಿತಿದ್ದೆ. ಮೈಸೂರಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಆಗ ಅದು ತಪ್ಪದ ಪಾಠ. ವೀಣೆಯಲ್ಲಿ ಬಲಗೈ ತೋರುಬೆರಳು, ನಡುಬೆರಳು ಹಾಡಿನ ತಂತಿ ಮೀಟುತ್ತವೆ. ಪಕ್ಕದ ಮೂರು ತಾಳದ ತಂತಿಗೆ ಕಿರುಬೆರಳು. ಅದರ ಕೆಲಸ ತಾಳ ತೋರಿಸುವುದು, ಶ್ರುತಿ ತುಂಬುವುದು, ಅಷ್ಟೇ. ಮನೆಯ ಕಿರಿಸೊಸೆಯ ಹಾಗೆ ಹಿಂದೆ ನಿಂತು ಎಲ್ಲಕ್ಕೂ ಹೂಂಗುಟ್ಟುವುದು. ಈ ಎಟ್ಯೂಡ್‌ನಲ್ಲಿ ಅದು ಪೂರಾ ತಿರುಗುಮುರುಗು. ಕಿರಿಸೊಸೆ ಜಗಲಿಗೆ ಬಂದು ಹಾಡುತ್ತಾಳೆ, ಯಜಮಾನರು ಒಳಗೆ ತೊಟ್ಟಿಲು ತೂಗುತ್ತಾರೆ. ಇದು ಹೊಳೆದ ದಿನ ನಾನು ಒಬ್ಬಳೇ ಜೋರಾಗಿ ನಕ್ಕೆ. ಆಮೇಲೆ ಬಾರಿಸುವುದು ಸ್ವಲ್ಪ ಸುಲಭವೂ ಆಯಿತು.

ಶೋಪಾನ್ ಪಿಯಾನೋ ಕಲಿಸುವ ಪುಸ್ತಕ ಒಂದನ್ನು ಬರೆಯಲು ಹೊರಟು ಅರ್ಧಕ್ಕೇ ಬಿಟ್ಟ. ಆ ಟಿಪ್ಪಣಿಗಳು ಉಳಿದಿವೆ. ಎಲ್ಲ ಬೆರಳಿಗೂ ಒಂದೇ ಬಲ ಕೊಡಿಸಲು ಜನ ಪ್ರಕೃತಿಗೆ ವಿರುದ್ಧವಾಗಿ ಒದ್ದಾಡುತ್ತಿದ್ದಾರೆ ಎಂದು ಅದರಲ್ಲಿ ಬರೆದಿದ್ದಾನೆ. ಪ್ರತಿ ಬೆರಳಿನ ಕಟ್ಟು ಬೇರೆ, ಅದರ ದನಿಯೂ ಬೇರೆ. ಆ ದನಿಯ ಸೊಗಸು ಕೆಡಿಸಬೇಡಿ ಅನ್ನುವುದು ಅವನ ಮಾತಿನ ಸಾರ. ನಾಲ್ಕನೇ ಬೆರಳು ಮೂರನೆಯದಕ್ಕೆ ಅಂಟಿ ಹುಟ್ಟಿದ ಅವಳಿಯಂತೆ, ಬೇರೆ ಮಾಡಲು ಹೋಗುವುದು ಸಾಧ್ಯವೂ ಇಲ್ಲ, ಪುಣ್ಯಕ್ಕೆ ಬೇಕಾಗಿಯೂ ಇಲ್ಲವಂತೆ. ಇದನ್ನು ಓದಿದಾಗ ನನ್ನ ಹಳೆಯ ಶಿಷ್ಯರೆಲ್ಲ ನೆನಪಾದರು. ಅವರ ಉಪವಾಸದ ಎ ಅಕ್ಷರಕ್ಕೆ ಎಷ್ಟು ಬೈದಿದ್ದೆ!

ಹಾಡಿನ ವಿಷಯಕ್ಕೆ ಬರುತ್ತೇನೆ. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಮೂರನ್ನು ಷಡ್ಜ ಮಾಡಿಕೊಳ್ಳಿ. ಕೆಳಗಿನ ಪಂಚಮದಿಂದ ಷಡ್ಜಕ್ಕೆ ಒಂದು ಹೆಜ್ಜೆ. ಒಮ್ಮೆ ನಿಷಾದ ಮುಟ್ಟಿ ಮತ್ತೆ ಷಡ್ಜ. ಅಲ್ಲಿಂದ ರಿಷಭ, ಗಾಂಧಾರ. ಪಕ್ಕದ ಮನೆಯವರು, ದಿನಾ ಸಂಜೆ ಮಕ್ಕಳಿಗೆ ಸಂಗೀತ ಹೇಳಿಕೊಡುವವರು, ಕಾಂಪೌಂಡ್ ಆಚೆಯಿಂದಲೇ “ಶಂಕರಾಭರಣ ಅಲ್ವಾ ಇದು?” ಅಂದರು. ಸ್ವರ ಅವೇ. ಶಂಕರಾಭರಣವನ್ನು ಕೇಳಿ ನಮ್ಮಲ್ಲಿ ಯಾರಾದರೂ ದುಃಖದ ರಾಗ ಅನ್ನುತ್ತಾರೆಯೇ? ಗಾಂಭೀರ್ಯ ಅನ್ನುತ್ತಾರೆ, ತುಂಬಿದ ಮನೆ ಅನ್ನುತ್ತಾರೆ.

ಆದರೆ ಅವರಿಗೂ ಐದನೇ ಬಾರ್‌ನಲ್ಲಿ ಎಣಿಕೆ ತಪ್ಪಿತು. ನಾಲ್ಕು ನಾಲ್ಕು ಬಾರ್‌ಗೆ ಸಾಲು ಮುಗಿಯುತ್ತದೆ ಅಂತ ಕೈ ತಟ್ಟುತ್ತಿದ್ದರು. ಇಲ್ಲಿ ಮೊದಲ ಸಾಲು ಐದು ಬಾರ್, ಅದಕ್ಕೆ ಉತ್ತರ ಮೂರು. ಕೂಡಿದರೆ ಎಂಟೇ, ಆದರೆ ಪಾಲು ಸಮ ಇಲ್ಲ. ಮಾತಾಡುವವರು ಹೀಗೇ ಅಲ್ವಾ? ಒಂದು ವಾಕ್ಯ ಎಳೆದುಕೊಂಡು ಹೋಗುತ್ತದೆ, ಮುಂದಿನದು ಚಿಕ್ಕದಾಗಿ ಮುಗಿಯುತ್ತದೆ. ಹಾಡು ನಿಜಕ್ಕೂ ಉಸಿರಾಡುತ್ತಿದೆ ಅನ್ನಿಸುವುದು ಇದರಿಂದ. ಶಿಷ್ಯರಿಗೆ ಶೋಪಾನ್ ಒಳ್ಳೆಯ ಹಾಡುಗಾರರನ್ನು ಹೋಗಿ ಕೇಳಿ ಬನ್ನಿ ಅನ್ನುತ್ತಿದ್ದ. ಇಟಾಲಿಯನ್ ಒಪೆರಾ ಅಂದರೆ ಅವನಿಗೆ ಪ್ರಾಣ.

ಈಗ ಗತಿಯ ಜಗಳ. ಇದರಲ್ಲಿ ನನಗೆ ಸಿಟ್ಟು ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ.

ಹಸ್ತಪ್ರತಿಯ ಮೇಲೆ 1832ರ ಆಗಸ್ಟ್ 25 ಎಂದು ತಾರೀಖು ಇದೆ. ಊರು ಪ್ಯಾರಿಸ್. ಅವನಿಗೆ 22 ವರ್ಷ. ಅದಕ್ಕೇ ನಾನು ಏಕವಚನದಲ್ಲಿ ಬರೆಯುತ್ತಿರುವುದು, ನನ್ನ ಸೀನಿಯರ್ ಬ್ಯಾಚಿನ ಹುಡುಗರ ವಯಸ್ಸು. ಆ ಹುಡುಗ ಮೊದಲು ಬರೆದ ಗತಿ ‘ವಿವಾಚೆ’, ಅಂದರೆ ಚುರುಕಾಗಿ, ಜೀವ ತುಂಬಿ. ಆಮೇಲೆ ಅದನ್ನು ‘ಚುರುಕಾಗಿ, ಆದರೆ ಅತಿಯಾಗಿ ಬೇಡ’ ಅಂತ ಮಾಡಿದ. ಅಚ್ಚಿಗೆ ಹೋಗುವಾಗ ‘ನಿಧಾನವಾಗಿ, ಆದರೆ ಅತಿಯಾಗಿ ಬೇಡ’ ಅಂತಾಯಿತು. ಚುರುಕಿನಿಂದ ನಿಧಾನಕ್ಕೆ ಬಂದ, ನಿಜ. ಆದರೆ ‘ಅತಿಯಾಗಿ ಬೇಡ’ ಎನ್ನುವುದು ಮಾತ್ರ ಕೊನೆಯವರೆಗೂ ಉಳಿಯಿತು. ಜೊತೆಗೆ ಅಂಕಿಯನ್ನೂ ಕೊಟ್ಟ. ಸಣ್ಣ ಎಣಿಕೆ ನಿಮಿಷಕ್ಕೆ 100.

ಒಟ್ಟು 77 ಬಾರ್. ಒಂದೊಂದರಲ್ಲಿ ನಾಲ್ಕು ಎಣಿಕೆ, ಅಂದರೆ 308. ನಿಮಿಷಕ್ಕೆ 100ರಂತೆ ಮೂರು ನಿಮಿಷ ಐದು ಸೆಕೆಂಡು. ಅಲ್ಲಲ್ಲಿ ತಡೆದು ಎಳೆಯುವುದಕ್ಕೆ ಸ್ವಲ್ಪ ಸೇರಿಸಿ. ಆದರೆ ಸಿಗುವ ಧ್ವನಿಮುದ್ರಣಗಳಲ್ಲಿ ಹೆಚ್ಚಿನವು ನಾಲ್ಕು ನಿಮಿಷದ ಆಚೀಚೆ ಇವೆ. ಕೆಲವರಂತೂ ಮೊದಲ ಪುಟವನ್ನು ಶವಯಾತ್ರೆಯ ಹಿಂದೆ ನಡೆದ ಹಾಗೆ ನುಡಿಸುತ್ತಾರೆ. ಶೋಪಾನ್‌ನ ಪಿಯಾನೋ ಮೇಲೆ ಲಯ ತೋರಿಸುವ ಮೆಟ್ರೊನೋಮ್ ಯಾವಾಗಲೂ ಇರುತ್ತಿತ್ತು ಎಂದು ಅವನ ಶಿಷ್ಯ ಮಿಕುಲಿ ಬರೆದಿದ್ದಾನೆ. ಬಲಗೈ ಬೇಕಾದರೆ ಹಿಂದುಮುಂದಾಗಲಿ, ಎಡಗೈ ಮಾತ್ರ ಮೇಳದ ಯಜಮಾನನ ಹಾಗೆ ಲಯ ಹಿಡಿದಿರಬೇಕು ಅನ್ನುವುದು ಶೋಪಾನ್‌ನ ಪಾಠ. ನಾನು ಕ್ಲಾಸಿನಲ್ಲಿ ಸ್ಕೇಲಿನಿಂದ ಮೇಜಿಗೆ ತಟ್ಟಿ ಲಯ ಕೊಡುತ್ತಿದ್ದೆ. ಆ ವಿಷಯದಲ್ಲಿ ನಮ್ಮಿಬ್ಬರಿಗೂ ಒಳ್ಳೆ ಹೊಂದಾಣಿಕೆ.

ನಿಧಾನ ಮಾಡಿದರೆ ಏನು ಕೆಡುತ್ತದೆ? ಪಿಯಾನೋದಲ್ಲಿ ಕೀ ಒತ್ತಿದಾಗ ಒಳಗಿನ ಸುತ್ತಿಗೆ ತಂತಿಗೆ ಬಡಿದು ಹಿಂದೆ ಬೀಳುತ್ತದೆ. ಟೈಪ್‌ರೈಟರಿನ ಅಚ್ಚು ಕಾಗದಕ್ಕೆ ಬಡಿದು ಹಿಂದೆ ಬೀಳುತ್ತಲ್ಲ, ಹಾಗೇ. ಬಡಿದ ಮೇಲೆ ಆ ಸ್ವರವನ್ನು ಹೆಚ್ಚಿಸುವ, ಬಾಗಿಸುವ ಅಧಿಕಾರ ನಮಗಿಲ್ಲ. ಅದು ಅಳಿಯುತ್ತಾ ಹೋಗುತ್ತದೆ. ವೀಣೆಯಲ್ಲಾದರೂ ತಂತಿ ಎಳೆದು ಗಮಕ ಕೊಡಬಹುದು. ಪಿಟೀಲಿಗೆ ಕಮಾನು ಇದೆ. ಇಲ್ಲಿ ಏನೂ ಇಲ್ಲ. ಹಿಂದಿನ ಸ್ವರ ಸಾಯುವ ಮೊದಲು ಮುಂದಿನದು ಬಂದು ಕೈ ಹಿಡಿಯಬೇಕು, ಆಗ ಕೇಳುವವರ ಕಿವಿ ಅದನ್ನು ಹಾಡು ಅಂತ ನಂಬುತ್ತದೆ. ಜಾಸ್ತಿ ಎಳೆದರೆ ದಾರ ಕಿತ್ತ ಮಣಿಸರ. ಒಂದೊಂದು ಮಣಿಯೂ ಚೆಂದ, ಸರ ಮಾತ್ರ ಇಲ್ಲ. ನಾನು ಫೋನಿನಲ್ಲಿ ಮೆಟ್ರೊನೋಮ್ ಹಾಕಿ 60ರಲ್ಲಿ, 80ರಲ್ಲಿ, 100ರಲ್ಲಿ ಬಾರಿಸಿ ನೋಡಿದೆ. 60ರಲ್ಲಿ ನನಗೇ ನನ್ನ ಮೇಲೆ ಕನಿಕರ ಬಂತು. 100ರಲ್ಲಿ ಕೈ ತಡವರಿಸಿತು, ಆದರೆ ಒಳಗಿನ ತೊಟ್ಟಿಲು ತೂಗಿತು. ಈಗ 84ಕ್ಕೆ ರಾಜಿಯಾಗಿದ್ದೇನೆ.

ಹೆಸರಿನ ವಿಷಯ ಬೇಗ ಮುಗಿಸುತ್ತೇನೆ. ‘ದುಃಖ’ ಎಂಬ ಅರ್ಥದ ಫ್ರೆಂಚ್ ಹೆಸರು ಆಮೇಲೆ ಅಂಟಿದ್ದು. 1930ರ ದಶಕದಲ್ಲಿ ಈ ರಾಗಕ್ಕೆ ಮಾತು ಕೂಡಿಸಿ ಜರ್ಮನಿ, ಫ್ರಾನ್ಸ್‌ಗಳಲ್ಲಿ ಹಾಡು ಮಾಡಿ ಮಾರಿದರು, ಜನಪ್ರಿಯವೂ ಆದವು. ಶೋಪಾನ್ ಇಟ್ಟದ್ದು ಒಂದು ನಂಬರ್ ಮಾತ್ರ. ಲಂಡನ್ನಿನ ಪ್ರಕಾಶಕ ವೆಸೆಲ್ ಅವನ ಕೃತಿಗಳಿಗೆ ಬಣ್ಣಬಣ್ಣದ ಹೆಸರು ಅಂಟಿಸಿ ಮಾರಿದಾಗ ಕಾಗದದಲ್ಲಿ ಚೆನ್ನಾಗಿ ಬೈದಿದ್ದಾನೆ.

ಹಾಗಾದರೆ ಇದರಲ್ಲಿ ನೋವೇ ಇಲ್ಲವೇ ಅಂತ ನೀವು ಕೇಳಬಹುದು. ಇದೆ. ಅವನು ಪೋಲೆಂಡಿನಲ್ಲಿರುವ ತನ್ನ ಊರು ವಾರ್ಸಾ ಬಿಟ್ಟದ್ದು 1830ರ ನವೆಂಬರ್ 2ಕ್ಕೆ. ತಿಂಗಳು ತುಂಬುವ ಮೊದಲೇ ಅಲ್ಲಿ ರಷ್ಯನ್ನರ ವಿರುದ್ಧ ದಂಗೆ ಎದ್ದಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಊರು ರಷ್ಯನ್ನರ ಕೈಗೆ ಬಿತ್ತು. ಆ ಸುದ್ದಿ ತಿಳಿದಾಗ ಅವನು ದಾರಿಯ ಮೇಲೆ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದ. ಅಲ್ಲಿಂದ ಪ್ಯಾರಿಸ್. ಆಮೇಲೆ ಸಾಯುವವರೆಗೆ ಊರಿಗೆ ಕಾಲಿಡಲಿಲ್ಲ. 1849ರಲ್ಲಿ ಸತ್ತ ಮೇಲೆ ಹೃದಯವನ್ನು ಮಾತ್ರ ವಾರ್ಸಾಕ್ಕೆ ಒಯ್ದರು. ಈಗಲೂ ಅಲ್ಲಿಯ ಒಂದು ಚರ್ಚಿನ ಕಂಬದಲ್ಲಿದೆ. ಗುಟ್‌ಮನ್ ಎಂಬ ಶಿಷ್ಯ ಈ ಎಟ್ಯೂಡ್ ಬಾರಿಸುತ್ತಿದ್ದಾಗ ಗುರು ಎರಡೂ ಕೈ ಜೋಡಿಸಿ ಮೇಲೆತ್ತಿ “ಅಯ್ಯೋ ನನ್ನ ನಾಡೇ!” ಎಂದು ಕೂಗಿದನಂತೆ. ಇಂಥ ಚೆಲುವಾದ ರಾಗ ನಾನು ಜನ್ಮದಲ್ಲಿ ಇನ್ನೊಂದು ಬರೆದಿಲ್ಲ ಎಂದೂ ಅವನಿಗೆ ಹೇಳಿದ್ದನಂತೆ. ಗುಟ್‌ಮನ್ ಹೇಳಿದ್ದನ್ನು ಜೀವನಚರಿತ್ರೆ ಬರೆದ ನೀಕ್ಸ್ ದಾಖಲಿಸಿದ್ದಾನೆ.

ಇದನ್ನು ದುಃಖ ಅನ್ನುತ್ತೀರಾ? ನಮ್ಮಲ್ಲಿ ಇದಕ್ಕೆ ತವರಿನ ಹಂಬಲ ಅನ್ನುತ್ತಾರೆ. ನಮ್ಮಮ್ಮ ಚಿಕ್ಕಮಗಳೂರಿನ ಕಡೆಯವರು. ಮಳೆ ಹಿಡಿದ ಸಂಜೆ ಹಿತ್ತಿಲ ಬಾಗಿಲಲ್ಲಿ ನಿಂತು ಹೂವು ಕಟ್ಟುತ್ತಾ ತವರಿನ ಗದ್ದೆ, ಅಡಿಕೆ ಚಪ್ಪರ, ಸತ್ತುಹೋದ ನಾಯಿಯ ಮಾತಾಡುತ್ತಿದ್ದರು. ಅಳುತ್ತಿರಲಿಲ್ಲ. ಮುಖ ಅರಳಿರುತ್ತಿತ್ತು. ಕೈ ಮಾತ್ರ ಹೂವು ಕಟ್ಟುವುದನ್ನು ನಿಲ್ಲಿಸುತ್ತಿರಲಿಲ್ಲ. ಮೊದಲ ಪುಟ ಬಾರಿಸುವಾಗ ನನಗೆ ಕಾಣುವುದು ಅದು. ಹೆಬ್ಬೆರಳು ತೋರುಬೆರಳು ಹೂವು ಕಟ್ಟುತ್ತವೆ, ಮೇಲೆ ಒಬ್ಬರು ಊರಿನ ಮಾತಾಡುತ್ತಾರೆ.

ಈಗ ನನ್ನ ದೊಡ್ಡ ತಕರಾರು. ನಿಮ್ಮ ಲೇಖನದಲ್ಲಿ ಮಧ್ಯಭಾಗದ ಸುದ್ದಿಯೇ ಇಲ್ಲ.

ಮೊದಲ ಭಾಗ 20 ಬಾರ್‌ಗೆ ಮುಗಿಯುತ್ತದೆ. 62ನೇ ಬಾರ್‌ಗೆ ರಾಗ ವಾಪಸ್ ಬರುತ್ತದೆ. ನಡುವೆ ನಲವತ್ತು ಬಾರ್, ಅರ್ಧಕ್ಕಿಂತ ಜಾಸ್ತಿ. ಅಲ್ಲಿ ಏನಾಗುತ್ತದೆ ಗೊತ್ತೇ? ಗತಿ ಸ್ವಲ್ಪ ಚುರುಕಾಗುತ್ತದೆ. ಶಂಕರಾಭರಣದ ಮನೆಗೆ ಒಂದೊಂದಾಗಿ ಬೇರೆ ಸ್ವರಗಳು ನುಗ್ಗುತ್ತವೆ. ಯಾವುದು ಷಡ್ಜ ಅಂತ ಕಿವಿಗೆ ಗುರುತು ಸಿಗದ ಹಾಗೆ ನೆಲ ಜಾರುತ್ತದೆ. ಎರಡೂ ಕೈ ಎರಡೆರಡು ಸ್ವರ ಒಟ್ಟಿಗೆ ಹಿಡಿದು ಓಡುತ್ತವೆ. 46ನೇ ಬಾರ್ ಹತ್ತಿರ ‘ಧೈರ್ಯದಿಂದ, ಅಬ್ಬರದಿಂದ’ ಅಂತಲೇ ಬರೆದಿದ್ದಾನೆ. ಅಲ್ಲಿಂದ ಎಂಟು ಬಾರ್ ಎರಡೂ ಕೈ ಆರು ಸ್ವರದ ಅಂತರದ ಜೋಡಿಗಳನ್ನು ಹಿಡಿದು ಕೀಬೋರ್ಡಿನ ಮೇಲೆ ಸೀಳುತ್ತಾ ಹೋಗುತ್ತವೆ. ಮೊದಲ ಪುಟ ಕೇಳಿ ಕಣ್ಣು ಮುಚ್ಚಿದವರು ಇಲ್ಲಿ ಬೆಚ್ಚಿ ಕಣ್ಣು ಬಿಡಬೇಕು. ನಾನು ಇದನ್ನು ಅರ್ಧ ಗತಿಯಲ್ಲಿ ಬಾರಿಸಿದರೂ ಎದುರುಮನೆಯ ನಾಯಿ ಬೊಗಳುತ್ತದೆ. ಅದನ್ನು ಸರಿಯಾದ ವಿಮರ್ಶೆ ಅಂತಲೇ ತೆಗೆದುಕೊಂಡಿದ್ದೇನೆ.

ಹೋದ ವರ್ಷ ಒಂದು ಸಮಾರಂಭಕ್ಕೆ ಹೋಗಿದ್ದೆ. ಯಾರದು, ಎಲ್ಲಿ ಅಂತ ಬೇಡ. ಕಾಲೇಜು ಹುಡುಗನೊಬ್ಬ ಇದೇ ಎಟ್ಯೂಡ್ ಎತ್ತಿಕೊಂಡ. ಒಳ್ಳೆಯ ಕೈ. ಕಿರುಬೆರಳಿನಲ್ಲಿ ನಿಜವಾದ ದನಿ. 20ನೇ ಬಾರ್‌ಗೆ ನಿಂತ, ಎದ್ದ, ಕೈ ಮುಗಿದ. ಚಪ್ಪಾಳೆ. ಆಮೇಲೆ ಊಟದ ಹಾಲ್‌ನಲ್ಲಿ ಹಿಡಿದು ಕೇಳಿದೆ, “ಯಾಕಪ್ಪಾ, ಮುಂದಿನದು ಬರಲ್ವಾ?” “ಬರುತ್ತೆ ಆಂಟಿ. ಮಧ್ಯ ಗಲಾಟೆ ಬೇಡ, ಚೆನ್ನಾಗಿರೋದಷ್ಟೇ ಸಾಕು ಅಂತ ಆರ್ಗನೈಸರ್ ಹೇಳಿದರು” ಅಂದ. ಅನ್ನ ಸಾರು ನನಗೆ ಗಂಟಲಲ್ಲಿ ಇಳಿಯಲಿಲ್ಲ. ಮದುವೆ ಮನೆಯ ಸ್ಪೀಕರಿನಲ್ಲಿ, ಲಿಫ್ಟಿನಲ್ಲಿ, ಫೋನಿನ ರಿಂಗ್‌ಟೋನಿನಲ್ಲಿ ಕೇಳುವುದೂ ಅದೇ ಮೊದಲ ಪುಟ. ಅದನ್ನಷ್ಟೇ ಕೇಳಿದವರಿಗೆ ಇದು ದುಃಖದ ಪುಟ್ಟ ರಾಗ ಅನ್ನಿಸಿದರೆ ತಪ್ಪು ಅವರದಲ್ಲ, ಒಪ್ಪುತ್ತೇನೆ.

ಅಬ್ಬರ ಮುಗಿದ ಮೇಲೆ ಎಂಟು ಬಾರ್ ಇವೆ, 54ರಿಂದ 61. ನನಗೆ ಇಡೀ ಕೃತಿಯಲ್ಲಿ ಇದೇ ಹೆಚ್ಚು ಇಷ್ಟ, ರಾಗಕ್ಕಿಂತಲೂ. ಕೆಳಗೆ ಪಂಚಮ ಹಿಡಿದುಕೊಂಡಿರುತ್ತದೆ, ತಂಬೂರಿಯ ಮೊದಲ ತಂತಿಯ ಹಾಗೆ. ಅದರ ಮೇಲೆ ಸ್ವರಗಳು ಏದುಸಿರು ಬಿಡುತ್ತಾ, ತಣಿಯುತ್ತಾ, ಮನೆಯ ದಾರಿ ಹುಡುಕುತ್ತವೆ. ಹುಡುಕಿ ಹುಡುಕಿ ಮತ್ತೆ ಆ ಪ, ಸ, ನಿ, ಸ. ಸ್ವರ ಅವೇ, ಬೆರಳು ಅವೇ. ಆದರೆ ಮೊದಲ ಸಲ ಕೇಳಿದ್ದು ಹಾಗೇ ಉಳಿದಿರುವುದಿಲ್ಲ. ಮೊದಲ ಸಲ ಊರು ಇತ್ತು, ಈಗ ಊರಿನ ನೆನಪು ಇದೆ. ನಡುವಿನ ನಲವತ್ತು ಬಾರ್ ಕತ್ತರಿಸಿದರೆ ಈ ವ್ಯತ್ಯಾಸ ಎಲ್ಲಿಂದ ಬರಬೇಕು? ವಾಪಸ್ ಬಂದ ರಾಗ ಪೂರ್ತಿಯಾಗಿಯೂ ಬರುವುದಿಲ್ಲ, ಹದಿನಾರೇ ಬಾರ್. ಚಿಕ್ಕದು ಮಾಡಿದ್ದಾನೆ, ಮೆಲ್ಲಗೆ ಮುಗಿಸಿದ್ದಾನೆ.

ಅಲ್ಲಿ ಕರ್ಚೀಫು ತೆಗೆಯುವವರಿಗೆ ಒಂದು ಮಾತು. ಹಸ್ತಪ್ರತಿಯಲ್ಲಿ ಕೊನೆಯ ಬಾರ್ ಹತ್ತಿರ ಶೋಪಾನ್ ಒಂದು ಸೂಚನೆ ಬರೆದಿದ್ದಾನೆ: ನಿಲ್ಲಿಸಬೇಡಿ, ಕೂಡಲೇ ‘ಬೆಂಕಿಯ ಹಾಗೆ ವೇಗವಾಗಿ’ ಎನ್ನುವುದಕ್ಕೆ ಹೋಗಿ. ಅದು ಮುಂದಿನ, ನಾಲ್ಕನೇ ಎಟ್ಯೂಡ್. ಸಿ ಶಾರ್ಪ್ ಮೈನರ್‌ನಲ್ಲಿ ಎರಡು ಕೈಯೂ ಬಿರುಗಾಳಿಯ ಹಾಗೆ ಓಡುವಂಥದ್ದು. ಅಂದರೆ ಈ ಹುಡುಗ ನಮಗೆ ಕಣ್ಣೊರೆಸಿಕೊಳ್ಳಲು ಅರ್ಧ ನಿಮಿಷವೂ ಕೊಡಲು ತಯಾರಿರಲಿಲ್ಲ.

ಇನ್ನೊಂದು. ಲೇಖನದ ಕೊನೆಯಲ್ಲಿ ಪಿಯಾನೋ ನಮ್ಮ ಮಣ್ಣಿಗೆ ಸಂಬಂಧವಿಲ್ಲದ ವಾದ್ಯ ಎಂಬರ್ಥದ ಮಾತಿದೆ. ಮೈಸೂರಿನಿಂದ ಬರೆಯುವ ನನಗೆ ಇದು ನುಂಗಲಾಗದ ತುತ್ತು. ಜಯಚಾಮರಾಜ ಒಡೆಯರು ಪಿಯಾನೋ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯನ್ ಸಂಗೀತಗಾರ ಮೆಟ್ನರ್‌ನ ಕೃತಿಗಳನ್ನು ಅವನ ಕೈಯಲ್ಲೇ ಬಾರಿಸಿ ಧ್ವನಿಮುದ್ರಿಸಲು ದುಡ್ಡು ಕೊಟ್ಟವರು ಅವರೇ. ಅವನು ತನ್ನ ಮೂರನೇ ಪಿಯಾನೋ ಕನ್ಚೆರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾನೆ. ಅದೇ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನೂ ರಚಿಸಿದರು. ಅವರಿಗೆ ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

ನನ್ನ ಬೇಡಿಕೆ ಚಿಕ್ಕದು. ಹೆಸರು ಶೋಪಾನ್ ಇಟ್ಟದ್ದಲ್ಲ ಎಂದು ಒಂದು ತಿದ್ದುಪಡಿ ಹಾಕಿ. ಮುಂದಿನ ಸಲ ಪಿಯಾನೋ ಬಗ್ಗೆ ಬರೆಸುವಾಗ ಬರೆಯುವವರಿಗೆ ಕೃತಿಯನ್ನು ಪೂರ್ತಿ ಕೇಳಿಸಿ. ನಾಲ್ಕು ನಿಮಿಷ ಅಷ್ಟೇ. ನಾನಂತೂ ಇನ್ನೂ 46ನೇ ಬಾರ್‌ನಲ್ಲೇ ಇದ್ದೇನೆ. ಮುಂದಿನ ವಾರ ಪಾಠಕ್ಕೆ ಹೋದಾಗ ಮಿಸ್ ಏನನ್ನುತ್ತಾರೋ.

ಈ ಪತ್ರ ಉದ್ದವಾಯಿತು, ನೀವು ಕತ್ತರಿ ಹಾಕುತ್ತೀರಿ. ಹಾಕಿ, ಬೇಸರವಿಲ್ಲ. ಬೇಕರಿ, ರೈಲು, ಬ್ಯಾಂಡೇಜು ಎಲ್ಲ ತೆಗೆಯಿರಿ. ನಾಯಿಯನ್ನೂ ತೆಗೆಯಿರಿ. ಮಧ್ಯದ ನಲವತ್ತು ಬಾರ್ ಮಾತ್ರ ಬಿಡಿ.

ಇಂತಿ,
ನಿವೃತ್ತ ಟೈಪಿಂಗ್ ಟೀಚರ್,
ಸರಸ್ವತಿಪುರಂ, ಮೈಸೂರು